ಕುರ್ಚಿಯ ಮೇಲಿನ ಸ್ವೆಟರ್

ಹೋದ ತಿಂಗಳು ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕ್ವಾಲಿಟಿ ವಿಭಾಗದ ನಮ್ಮ ಸರ್‌ಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ನಿವೃತ್ತಿಯ ಬೀಳ್ಕೊಡುಗೆ ಮಾಡಿದೆವು. ಎರಡು ಮಾತು ಆಡಲು ನನ್ನನ್ನು ಕರೆದರು. ಅವರ ಕೈಕೆಳಗೆ ಪಳಗಿದವರಲ್ಲಿ ನಾನೇ ಹಳಬಳು. ಮೈಕು ಹಿಡಿದು, ‘ಸರ್ ನನಗೆ ಶಿಸ್ತು ಕಲಿಸಿದರು, ಸಮಯಪ್ರಜ್ಞೆ ಕಲಿಸಿದರು, ಅವರಿಲ್ಲದಿದ್ದರೆ ನಾನಿವತ್ತು ಇಲ್ಲಿ ಇರುತ್ತಿರಲಿಲ್ಲ’ ಎಂದೆ. ಮೊದಲಿನೆರಡು ಹಸಿ ಸುಳ್ಳು. ಮೂರನೆಯದು ಮಾತ್ರ ನಿಜ. ಮೈಕಿನ ಮುಂದೆ ಆಡದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಹೇಳುವುದಿಲ್ಲ. ಅವರು ತಮ್ಮ ಇಡೀ ನೌಕರಿಯಲ್ಲಿ ಯಾವ ಕಾಗದದ ಮೇಲೂ ಹೆಸರು ಬೀಳದ ಹಾಗೆ ನೋಡಿಕೊಂಡವರು. ಆ ಮಟ್ಟಿಗೆ ಅವರ ಇಚ್ಛೆಯನ್ನು ನಾನೂ ನಡೆಸಿಕೊಡುತ್ತೇನೆ.

ನಾನು ಮುದನಾಳದವಳು. ಯಾದಗಿರಿಯಲ್ಲಿ ಬಿ.ಎಸ್ಸಿ. ಮುಗಿಸಿ, ಎಂಟು ವರ್ಷದ ಹಿಂದೆ ಕಡೇಚೂರಿನ ಕೈಗಾರಿಕಾ ಪ್ರದೇಶದ ಒಂದು ಔಷಧ ಕಾರ್ಖಾನೆಗೆ ಟ್ರೇನಿಯಾಗಿ ಸೇರಿದೆ. ಬೆಳಿಗ್ಗೆ ಯಾದಗಿರಿಯಲ್ಲಿ ರೈಲು ಹತ್ತಿ ಸೈದಾಪುರದಲ್ಲಿ ಇಳಿದರೆ ಅಲ್ಲಿಂದ ಕಂಪನಿ ಬಸ್ಸು. ಸೇರಿದ ದಿನ ಕ್ವಾಲಿಟಿ ವಿಭಾಗದಲ್ಲಿ ಇವರ ಟೇಬಲ್ಲಿನ ಮುಂದೆ ಹೋಗಿ ನಿಂತೆ. ಮನುಷ್ಯ ಇರಲಿಲ್ಲ. ಕುರ್ಚಿಯ ಬೆನ್ನಿಗೆ ಒಂದು ಕಂದು ಬಣ್ಣದ ಉಣ್ಣೆಯ ಸ್ವೆಟರ್ ಹಾಕಿತ್ತು. ಹೊರಗೆ ಮೇ ತಿಂಗಳ ಬಿಸಿಲು. ನಮ್ಮ ಕಡೆಯ ಮೇ ತಿಂಗಳೆಂದರೆ ನಲ್ಲಿಯ ನೀರು ಕೈಗೆ ಚುರ್ ಎನ್ನುವ ಕಾಲ. ಆ ಸ್ವೆಟರ್ ನೋಡಿಯೇ ನನಗೆ ಬೆವರು ಬಂತು. ಪಕ್ಕದ ಟೇಬಲ್ಲಿನವರು, ‘ಕುಂದರವ್ವ, ಸರ್ ಇಲ್ಲೇ ಅದಾರ. ಸ್ವೆಟರ್ ಅದ ನೋಡು’ ಎಂದರು. ಒಂದು ತಾಸು ಕೂತೆ. ಸರ್ ಗೇಟಿನ ಹೊರಗಿನ ಚಹಾದಂಗಡಿಯಲ್ಲಿದ್ದರು.

ಆ ಸ್ವೆಟರನ್ನು ಅವರು ತೊಟ್ಟದ್ದನ್ನು ಎಂಟು ವರ್ಷದಲ್ಲಿ ನಾನು ಒಂದು ಸಲವೂ ಕಾಣಲಿಲ್ಲ. ಅದು ತೊಡುವುದಕ್ಕಲ್ಲ, ಕೂರುವುದಕ್ಕೆ. ಅವರು ಚಹಾಕ್ಕೆ ಹೋದಾಗ, ಯೂನಿಯನ್ನಿನವರ ಹರಟೆಗೆ ಹೋದಾಗ, ಮಧ್ಯಾಹ್ನ ಸ್ಟೋರ್ ರೂಮಿನ ಖಾಲಿ ಚೀಲಗಳ ಮೇಲೆ ಕಣ್ಣು ಮುಚ್ಚಿದಾಗ ಸ್ವೆಟರ್ ಅವರ ಪರವಾಗಿ ಕುರ್ಚಿಯಲ್ಲಿ ಡ್ಯೂಟಿ ಮಾಡುತ್ತಿತ್ತು. ಮ್ಯಾನೇಜರು ಬಾಗಿಲಲ್ಲಿ ಇಣುಕಿ, ಸ್ವೆಟರ್ ನೋಡಿ, ತೃಪ್ತಿಯಿಂದ ಮುಂದೆ ಹೋಗುತ್ತಿದ್ದರು. ಇಂಥ ಮ್ಯಾನೇಜರುಗಳಿಗೆ ಇಂಥ ಕೆಲಸಗಾರರೇ ಸರಿ ಎಂದು ನನಗೆ ಆಮೇಲೆ ಅನೇಕ ಸಲ ಅನ್ನಿಸಿದೆ.

ಆಳು ಗಿಡ್ಡ, ಅಚ್ಚುಕಟ್ಟು. ತಲೆಗೆ ಎಣ್ಣೆ, ಇಸ್ತ್ರಿ ಮಡಿಕೆ ಕೆಡದ ಅಂಗಿ. ಜೇಬಿನಲ್ಲಿ ಯಾವಾಗಲೂ ಎರಡು ಪೆನ್ನು. ಒಂದು ಬರೆಯುತ್ತಿತ್ತು. ಇನ್ನೊಂದು ರಿಫಿಲ್ ಮುಗಿದದ್ದು, ಯಾರಾದರೂ ಪೆನ್ನು ಕೇಳಿದರೆ ಕೊಡುವುದಕ್ಕೆ. ಒಂದೆರಡು ಸಲ ಗೀಚಿ ನೋಡಿ ಕೇಳಿದವರೇ ನಾಚಿಕೊಂಡು ವಾಪಸು ಕೊಡುತ್ತಿದ್ದರು. ಊರು ಸುರಪುರ. ‘ನಾ ಸುರಪುರದ ನೀರು ಕುಡದಾವ, ಯಾರ ಮುಂದೂ ತಲಿ ಬಗ್ಗಸಂಗಿಲ್ಲ’ ಎನ್ನುವುದು ಬಾಯಿಪಾಠ. ಮಾತು ಮುಗಿಯುವ ಮೊದಲೇ ಮ್ಯಾನೇಜರ ಕಾರು ಗೇಟಿನಲ್ಲಿ ಹಾರ್ನ್ ಹೊಡೆದರೆ, ನಮ್ಮ ಸುರಪುರದ ಧೀರರು ಫೈಲು ಎತ್ತಿಕೊಂಡು ವರಾಂಡದಲ್ಲಿ ಎದುರಾಗುವ ಹಾಗೆ ದಡದಡ ನಡೆಯಲು ಶುರು ಮಾಡಿರುತ್ತಿದ್ದರು.

ಆ ನಡಿಗೆಯೇ ನನ್ನ ಮೊದಲ ಪಾಠ. ‘ಖಾಲಿ ಕೈಲೆ ಎಂದೂ ನಡೀಬ್ಯಾಡ ತಂಗಿ. ಕೈಯಾಗ ಒಂದು ಫೈಲ್ ಇರ್ಲಿ. ಮತ್ತ ಹಗೂರ ನಡೀಬಾರ್ದು, ಹಗೂರ ನಡದ್ರ ಪುರಸತ್ತು ಅದ ಅಂತಾರ’ ಎಂದರು. ಯಾವ ಫೈಲು ಎಂದು ಕೇಳಿದೆ. ನನ್ನ ದಡ್ಡತನಕ್ಕೆ ನಕ್ಕು, ದಪ್ಪನೆಯದೊಂದನ್ನು ಆರಿಸಿಕೊಟ್ಟರು. ಅದರಲ್ಲಿ ಮುಚ್ಚಿಹೋದ ಯಾವುದೋ ವಿಭಾಗದ ಹಳೆಯ ಕ್ಯಾಂಟೀನ್ ಮೆನುಗಳಿದ್ದವು. ಆರು ತಿಂಗಳು ಅದನ್ನು ಎದೆಗವಚಿಕೊಂಡು ಓಡಾಡಿದೆ. ನನ್ನನ್ನು ನೋಡಿದವರೆಲ್ಲ, ಹುಡುಗಿ ಚುರುಕಾಗಿದ್ದಾಳೆ ಎಂದರು.

ಪಾಠಗಳು ಮುಗಿಯುತ್ತಲೇ ಇರಲಿಲ್ಲ. ಸಾಹೇಬರಿಗಿಂತ ಹತ್ತು ನಿಮಿಷ ಮೊದಲು ಬಾ, ಹತ್ತು ನಿಮಿಷ ತಡವಾಗಿ ಹೋಗು, ನಡುವೆ ಏನು ಮಾಡುತ್ತೀ ಎಂಬುದನ್ನು ಯಾರೂ ಕೇಳುವುದಿಲ್ಲ. ಮೀಟಿಂಗಿನಲ್ಲಿ ಡೈರಿ ತೆರೆದಿಟ್ಟು, ಸಾಹೇಬರು ಬಾಯಿ ತೆರೆದಾಗ ಬರೆ, ಬೇರೆಯವರು ಮಾತಾಡುವಾಗ ಪೆನ್ನಿನ ಮುಚ್ಚಳ ಹಾಕು. ಮೇಲಿನವರು ಏನೇ ಕೇಳಲಿ ‘ಆಗಂಗಿಲ್ಲ’ ಎನ್ನಬೇಡ, ‘ನೋಡ್ತೀನ್ರಿ’ ಅನ್ನು. ನೋಡುವುದು ಬಿಡುವುದು ಆಮೇಲಿನ ಮಾತು. ಎಲ್ಲಿಯೂ ಪೂರ್ತಿ ದಸ್ಕತ್ತು ಮಾಡಬೇಡ. ಇವೆಲ್ಲವನ್ನೂ ಅವರು ತಗ್ಗಿದ ದನಿಯಲ್ಲಿ, ಗುರುಮಂತ್ರ ಕೊಡುವವರ ಗಾಂಭೀರ್ಯದಲ್ಲಿ ಹೇಳುತ್ತಿದ್ದರು. ಕಾಲೇಜಿನಲ್ಲಿ ನೌಕರಿಯ ಒಳ್ಳೆಯ ರೂಢಿಗಳ ಬಗ್ಗೆ ಯಾರೋ ಬಂದು ಎರಡು ದಿನ ಭಾಷಣ ಮಾಡಿದ್ದರು, ಒಂದೂ ತಲೆಗೆ ಹೋಗಿರಲಿಲ್ಲ. ಇವರದು ಒಂದೊಂದೂ ಮೊದಲ ಸಲಕ್ಕೇ ಇಳಿಯಿತು. ಸೋಮಾರಿತನವನ್ನು ಇಷ್ಟು ಶ್ರಮಪಟ್ಟು ಮಾಡುವವರನ್ನು ನಾನು ಅದುವರೆಗೆ ನೋಡಿರಲಿಲ್ಲ.

ನನ್ನ ಜೊತೆಗೆ ಅದೇ ದಿನ ಸೇರಿದವಳು ಸುಜಾತಾ. ಶಹಾಪುರ ತಾಲೂಕಿನ ಶಿರವಾಳದವಳು, ತಂದೆ ಪ್ರಾಥಮಿಕ ಶಾಲೆಯ ಮಾಸ್ತರು, ಮನೆಯಲ್ಲಿ ಬುದ್ಧನ ಪಟ. ಯಾದಗಿರಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ನನ್ನ ರೈಲಿಗೇ ಬರುತ್ತಿದ್ದಳು. ಮಧ್ಯಾಹ್ನ ನನ್ನ ರೊಟ್ಟಿ, ಅವಳ ಪುಂಡಿಪಲ್ಯ. ಆರು ತಿಂಗಳ ಟ್ರೇನಿಂಗ್ ಮುಗಿದ ಮೇಲೆ ಇಬ್ಬರಲ್ಲಿ ಒಬ್ಬರನ್ನು ಕಾಯಂ ಮಾಡುತ್ತೇವೆಂದು ಮೊದಲೇ ಹೇಳಿದ್ದರು. ಅವಳಿಗೆ ಆ ಪೋಸ್ಟ್ ಬೇಕಿತ್ತು. ನನಗೆ ಬೇಕೇಬೇಕಿತ್ತು. ನೌಕರಿ ಕಾಯಂ ಆಗದಿದ್ದರೆ ದೀಪಾವಳಿ ದಾಟುತ್ತಲೇ ಸೋದರಮಾವನ ಜೊತೆ ಮದುವೆಯ ಅಕ್ಕಿಕಾಳು ಎಂದು ಅಪ್ಪ ಹೇಳಿಬಿಟ್ಟಿದ್ದ. ಮಾವನಿಗೆ ನನಗಿಂತ ಹದಿನಾಲ್ಕು ವರ್ಷ ಹೆಚ್ಚು, ಬಾಯಲ್ಲಿ ಸದಾ ಗುಟ್ಕಾ.

ಸುಜಾತಾಳ ರೂಢಿಗಳು ನಮ್ಮ ಸರ್‌ಗೆ ಒಂದೂ ಹಿಡಿಸಲಿಲ್ಲ. ಯಾಕೆ ಎಂದು ಕೇಳುತ್ತಿದ್ದಳು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತಿದ್ದಳು. ಅಂಗೈಯಗಲದ ಒಂದು ನೋಟುಬುಕ್ಕಿನಲ್ಲಿ ಕಂಡದ್ದನ್ನು ಕಂಡಾಗಲೇ ಬರೆದುಕೊಳ್ಳುತ್ತಿದ್ದಳು. ಕೆಲಸ ಇದ್ದ ಕಡೆ ಇರುತ್ತಿದ್ದಳು, ಹಾಗಾಗಿ ಕುರ್ಚಿಯಲ್ಲಿ ಸಿಗುತ್ತಿರಲಿಲ್ಲ. ‘ಆ ಹುಡುಗಿ ಕುರ್ಚಿಮ್ಯಾಗ ನಿಲ್ಲೂದ ಇಲ್ಲ. ಮುಂದ ಬರಂಗಿಲ್ಲ ಬಿಡು ಅಕಿ’ ಎಂದು ಸರ್ ಭವಿಷ್ಯ ನುಡಿದರು. ಆ ಭವಿಷ್ಯ ನಿಜವಾಗಲು ಅವರೇ ದುಡಿಯುತ್ತಾರೆಂದು ನನಗೆ ಆಗ ತಿಳಿದಿರಲಿಲ್ಲ.

ಈಗ ಕೋಲ್ಡ್ ರೂಮಿನ ಮಾತಿಗೆ ಬರುತ್ತೇನೆ. ಬಿಸಿಗೆ ಕೆಡುವ ಸರಕನ್ನು ಇಡುವ ತಣ್ಣನೆಯ ಕೋಣೆ ಅದು. ಒಳಗಿನ ತಾಪ ಎರಡರಿಂದ ಎಂಟು ಡಿಗ್ರಿಯ ನಡುವೆ ಇರಬೇಕು. ತಾಪವನ್ನು ತಾನೇ ದಾಖಲಿಸುವ ಯಂತ್ರ ಕೆಟ್ಟು ರಿಪೇರಿಗೆ ಹೋಗಿದ್ದರಿಂದ, ಆ ತಿಂಗಳುಗಳಲ್ಲಿ ಎರಡು ತಾಸಿಗೊಮ್ಮೆ ಯಾರಾದರೂ ಹೋಗಿ ಬಾಗಿಲ ಮೇಲಿನ ಮೀಟರು ನೋಡಿ, ಲಾಗ್‌ಬುಕ್ಕಿನಲ್ಲಿ ಬರೆದು, ಚಿಕ್ಕ ದಸ್ಕತ್ತು ಹಾಕಬೇಕಿತ್ತು. ಬೆಳಿಗ್ಗೆ ಒಂಬತ್ತು, ಹನ್ನೊಂದು, ಮಧ್ಯಾಹ್ನ ಒಂದು, ಈ ಮೂರು ನನ್ನವು. ಮೂರು, ಐದು ಸುಜಾತಾಳವು. ಕೋಲ್ಡ್ ರೂಮು ಇದ್ದದ್ದು ಕಾರ್ಖಾನೆಯ ಆ ತುದಿಗೆ. ಮೊದಲ ವಾರ ನಾನೂ ಬಿಸಿಲಲ್ಲಿ ನಡೆದೆ. ಎರಡನೆಯ ವಾರ ಸರ್ ಕರೆದರು.

‘ಒಂಬತ್ತಕ್ಕ ಎಷ್ಟಿತ್ತು?’

‘ಐದು ಡಿಗ್ರಿ ಸರ್.’

‘ನಿನ್ನಿ?’

‘ನಿನ್ನೀನೂ ಐದು.’

‘ಮೊನ್ನಿ ಹನ್ನೊಂದಕ್ಕ, ಒಂದಕ್ಕ?’

‘ಐದೇ ಸರ್.’

‘ಮತ್ತ ಯಾಕ ನಡದು ನಡದು ಹೈರಾಣ ಆಗ್ತಿ? ಶಾಣ್ಯಾರು ಕೆಲಸ ಮುಂಚೇನ ಮುಗಸ್ತಾರ. ಒಂಬತ್ತಕ್ಕ ಹೋದಾಗ ಮೂರೂ ಬರದು ಬಂದುಬಿಡು. ಆಮ್ಯಾಲ ಕುರ್ಚಿ ಬಿಟ್ಟು ಏಳೂದ ಬ್ಯಾಡ.’

ಮೂರೂ ಬರೆದು ಬಂದೆ. ಆಗದ ಹೊತ್ತಿನ ಲೆಕ್ಕವನ್ನು ಬೆಳಿಗ್ಗೆಯೇ ಬರೆದಿಟ್ಟು, ಅದಕ್ಕೆ ಮುಂದಾಲೋಚನೆ ಎಂದು ಹೆಸರಿಟ್ಟುಕೊಂಡೆ. ಸುಜಾತಾಳಿಗೂ ಇದೇ ಉಪದೇಶವಾಯಿತು. ಅವಳು ಕಣ್ಣು ಬಿಟ್ಟು, ‘ಐದು ಗಂಟಿ ಇನ್ನಾ ಆಗಿಲ್ಲಲ್ರಿ ಸರ್. ಮೀಟರ್ ಏನ್ ತೋರಸ್ತದ ನನಗ ಹೆಂಗ ಗೊತ್ತು?’ ಎಂದಳು. ಸರ್ ನನ್ನ ಕಡೆ ತಿರುಗಿ, ‘ನೋಡು, ಕಲಿಯಾಕ ಬಂದಾಳ, ಕಲಿಸಾಕ ನಿಂತಾಳ’ ಎಂದರು. ನಾನು ನಕ್ಕೆ. ಆ ನಗುವನ್ನು ನೆನೆದರೆ ನನಗೆ ನನ್ನ ಮೇಲೇ ಹೇಸಿಗೆಯಾಗುತ್ತದೆ.

ಇವರಿಗೆ ಕೆಲಸ ಗೊತ್ತಿರಲಿಲ್ಲ ಎಂದುಕೊಳ್ಳಬೇಡಿ. ಗೊತ್ತಿಲ್ಲದಿದ್ದರೆ ಕ್ಷಮಿಸಬಹುದಿತ್ತು. ಯಂತ್ರಗಳ ವಿಷಯದಲ್ಲಿ ಅವರಷ್ಟು ಸೂಕ್ಷ್ಮದ ಕಿವಿ ಆ ಕಾರ್ಖಾನೆಯಲ್ಲಿ ಯಾರಿಗೂ ಇರಲಿಲ್ಲ. ಗೋಡೆಗೆ ಅಂಗೈ ಒತ್ತಿ, ತಲೆ ಓರೆ ಮಾಡಿ ನಿಂತರೆಂದರೆ ಮೋಟರಿನ ಯಾವ ಬೇರಿಂಗ್ ಸವೆದಿದೆ ಎಂದು ಹೇಳಬಲ್ಲವರಾಗಿದ್ದರು. ಹೇಳುತ್ತಿರಲಿಲ್ಲ, ಅಷ್ಟೆ. ಹೇಳಿದರೆ ನಾಳೆ ಇನ್ನೊಂದನ್ನು ನೋಡು ಎನ್ನುತ್ತಾರೆ ಎಂಬುದು ಅವರ ಅಂಜಿಕೆ. ದೇವರು ಕೊಟ್ಟ ಕಿವಿಯನ್ನು ಸ್ಟೋರ್ ರೂಮಿನಲ್ಲಿಟ್ಟು ಬೀಗ ಹಾಕಿದ್ದರು.

ಟ್ರೇನಿಂಗಿನ ಐದನೆಯ ತಿಂಗಳು. ಒಂದು ದಿನ ಹನ್ನೆರಡೂವರೆಗೆ ನಾನೂ ಅವರೂ ಊಟಕ್ಕೆ ಹೊರಟಿದ್ದೆವು. ಕೋಲ್ಡ್ ರೂಮಿನ ಹಿಂದುಗಡೆ ಹಾಯುವಾಗ ಅವರು ಗಕ್ಕನೆ ನಿಂತರು. ಅಂಗೈ ಗೋಡೆಗೆ ಹೋಯಿತು. ತಲೆ ಓರೆಯಾಯಿತು.

‘ಸಪ್ಪಳ ಬ್ಯಾರೆ ಆಗ್ಯಾದ’ ಎಂದರು.

‘ಮುಂದ ಹೋಗಿ ಮೀಟರ್ ನೋಡಿ ಬರ್ಲೇನ್ರಿ ಸರ್?’

‘ನಡಿ ನಡಿ, ಹುಗ್ಗಿ ಆರ್ತದ. ಕೆಟ್ಟ ಖಬರು ಹೇಳೋರಾಗ ಮೊದಲನೇದಾಕಿ ನೀ ಆಗಬ್ಯಾಡ. ಹೇಳಿದಾವನ ಕೊಳ್ಳಿಗೇ ಬೀಳ್ತದ ಅದು.’

ನಡೆದೆ. ಅಂದು ಕ್ಯಾಂಟೀನಿನಲ್ಲಿ ಗೋಧಿ ಹುಗ್ಗಿ ಮಾಡಿದ್ದರು. ಎರಡು ಸಲ ಬಡಿಸಿಕೊಂಡೆ. ಒಂದು ಗಂಟೆಯ ಸಾಲಿನಲ್ಲಿ ನಾನು ಬೆಳಿಗ್ಗೆಯೇ ಬರೆದಿಟ್ಟ ಐದು ಡಿಗ್ರಿ ಲಾಗ್‌ಬುಕ್ಕಿನಲ್ಲಿ ತಣ್ಣಗೆ ಕೂತಿತ್ತು.

ಎರಡು ಗಂಟೆಗೆ ಸುಜಾತಾ ಸ್ಯಾಂಪಲ್ ತರಲು ಆ ಕೋಣೆಯ ಬಾಗಿಲು ತೆಗೆದು ಮುಚ್ಚಿದ್ದಳು. ಮೂರಕ್ಕೆ ಮೀಟರು ನೋಡಲು ಹೋದವಳು ಓಡುತ್ತ ಬಂದಳು. ‘ಹದಿನಾಲ್ಕು ಅದ್ರಿ ಸರ್! ಎರಡಕ್ಕನ ಒಳಗ ಜರಾ ಬೆಚ್ಚಗ ಅನಸ್ತಿತ್ತು, ಬಾಗಲಾ ತಗದದ್ದಕ್ಕ ಅನ್ಕೊಂಡೆ. ಮಷೀನೇ ಕೈಕೊಟ್ಟಾದ.’ ಬುಕ್ಕಿನಲ್ಲಿ ಹದಿನಾಲ್ಕು ಎಂದೇ ಬರೆದು ದಸ್ಕತ್ತು ಹಾಕಿದ್ದಳು. ನೇರ ಮ್ಯಾನೇಜರಿಗೂ ಫೋನ್ ಮಾಡಿದಳು. ಸರಕೆಲ್ಲ ತಡೆಹಿಡಿಯಬೇಕಾಯಿತು. ಲೋಡಿಗೆ ಬಂದು ನಿಂತ ಲಾರಿ ಖಾಲಿ ವಾಪಸು ಹೋಯಿತು. ಮ್ಯಾನೇಜರು ಕೆಂಡವಾಗಿ ಕೆಳಗಿಳಿದು ಬಂದು ಲಾಗ್‌ಬುಕ್ ತೆರೆದರು. ಒಂದು ಗಂಟೆಗೆ ಐದು. ಮೂರು ಗಂಟೆಗೆ ಹದಿನಾಲ್ಕು. ನಡುವೆ ಬಾಗಿಲು ತೆಗೆದವಳು ಒಬ್ಬಳೇ. ಅವರ ಲೆಕ್ಕ ಅಲ್ಲಿಗೇ ಮುಗಿಯಿತು.

ಸುಜಾತಾ ಹೆದರಲಿಲ್ಲ. ‘ನಾ ಬಾಗಲಾ ಬರಾಬರ್ ಹಾಕೀನ್ರಿ ಸರ್. ಒಂದಕ್ಕ ಎಷ್ಟಿತ್ತು ಇಕಿನ್ನ ಕೇಳ್ರಿ’ ಎಂದು ನನ್ನತ್ತ ಬೆರಳು ಮಾಡಿದಳು. ಆ ಬೆರಳಲ್ಲಿ ಆರೋಪ ಇರಲಿಲ್ಲ. ಗೆಳತಿ ಇದ್ದದ್ದು ಇದ್ದಂತೆ ಹೇಳುತ್ತಾಳೆ ಎಂಬ ಭರವಸೆ ಇತ್ತು. ಎಲ್ಲರೂ ನನ್ನನ್ನು ನೋಡಿದರು. ಸರ್ ಮಾತ್ರ ನೆಲ ನೋಡುತ್ತಿದ್ದರು.

‘ಐದಿತ್ರಿ ಸರ್’ ಎಂದೆ.

ಸಂಜೆ ಸರ್ ನನ್ನನ್ನು ಕೂರಿಸಿಕೊಂಡು ವರದಿ ಬರೆಸಿದರು. ‘ನಿನ್ನ ಅಕ್ಷರ ಚಂದ ಅದಾವ, ನೀನ ಬರಿ, ನಾ ಹೇಳ್ತೀನಿ.’ ಬಾಗಿಲು ಸರಿಯಾಗಿ ಮುಚ್ಚದ ನಿರ್ಲಕ್ಷ್ಯದಿಂದ, ಎಂದು ಹೇಳಿದರು, ಬರೆದೆ. ಮಧ್ಯಾಹ್ನ ಒಂದು ಗಂಟೆಯವರೆಗೆ ತಾಪ ಐದು ಡಿಗ್ರಿ ಇದ್ದು, ಎಂಬಲ್ಲಿ ಪೆನ್ನು ನಿಂತಿತು.

‘ಸರ್, ಒಂದಕ್ಕ ನಾ ನೋಡೇ ಇಲ್ಲ. ನೀವು ಅಲ್ಲೇ ಇದ್ದಿರಿ, ಸಪ್ಪಳ...’

‘ಯಾವ ಸಪ್ಪಳ?’ ಎಂದರು. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. ‘ಬುಕ್ಕಿನ್ಯಾಗ ಏನದ? ಐದು ಅದ. ಬುಕ್ಕಿಗಿಂತ ನೀ ದೊಡ್ಡಾಕೇನು? ಪೋಸ್ಟ್ ಒಂದ ಅದ ತಂಗಿ. ವಿಚಾರ ಮಾಡಿ ಬರಿ.’

ವಿಚಾರ ಮಾಡಿದೆ. ಸೋದರಮಾವನ ಗುಟ್ಕಾ ಕಣ್ಣ ಮುಂದೆ ಬಂತು. ಬರೆದೆ. ಕೆಳಗೆ ನನ್ನ ದಸ್ಕತ್ತು ಹಾಕಿಸಿ, ತಮ್ಮದನ್ನು ಹಾಕದೆ ಒಳಗೆ ಕಳಿಸಿದರು. ಒಂದೇ ತಿಂಗಳಿಗೆ ಸುಜಾತಾಳನ್ನು ಕೆಲಸದಿಂದ ತೆಗೆದರು. ಕೈಯಲ್ಲಿ ಕೊಟ್ಟ ಪ್ರಮಾಣಪತ್ರಕ್ಕೆ ‘ಕೆಲಸದಲ್ಲಿ ನಿರ್ಲಕ್ಷ್ಯ ಕಂಡುಬಂದಿದೆ’ ಎಂಬ ಸಾಲು ನನ್ನ ವರದಿಯಿಂದಲೇ ಹೋಗಿತ್ತು. ನನ್ನನ್ನು ಕಾಯಂ ಮಾಡಿದರು. ಸರ್ ಇಡೀ ವಿಭಾಗಕ್ಕೆ ಪೇಢೆ ಹಂಚಿಸಿ, ‘ನಾ ಹೇಳಿದ್ದಿಲ್ಲೇನು?’ ಎಂದರು. ಅವರಿಗೆ ಒಳಗೆಲ್ಲೋ ಚುಚ್ಚುತ್ತಿರಬಹುದು ಎಂದು ಎಷ್ಟೋ ದಿನ ಗಮನಿಸಿದೆ. ಏನೂ ಇರಲಿಲ್ಲ. ಮಧ್ಯಾಹ್ನ ಚೀಲಗಳ ಮೇಲೆ ಮೊದಲಿನಷ್ಟೇ ಗಡದ್ದಾಗಿ ನಿದ್ದೆ ಹೋಗುತ್ತಿದ್ದರು.

ಅನ್ಯಾಯವಾಗಬಾರದು, ಅವರು ನನಗೆ ಮಾಡಿದ ಒಂದು ಉಪಕಾರವನ್ನೂ ಬರೆಯುತ್ತೇನೆ. ಅಪ್ಪನನ್ನು ರಾಯಚೂರಿನ ಆಸ್ಪತ್ರೆಗೆ ಸೇರಿಸಿದಾಗ ನನಗೆ ರಜೆ ಉಳಿದಿರಲಿಲ್ಲ. ಮೂರು ದಿನ ಮಧ್ಯಾಹ್ನವೇ ಎದ್ದು ಹೋದೆ. ಆ ಮೂರೂ ದಿನ ಸರ್ ತಮ್ಮ ಸ್ವೆಟರನ್ನು ನನ್ನ ಕುರ್ಚಿಗೆ ಹಾಕಿ, ತಾವು ಸಂಜೆಯವರೆಗೆ ತಮ್ಮ ಕುರ್ಚಿಯಲ್ಲಿ ಮೈಯಾರೆ ಕೂತರು. ಅವರ ಪಾಲಿಗೆ ಇದು ಸಣ್ಣ ತ್ಯಾಗವಲ್ಲ. ಮರಳಿ ಬಂದಾಗ ಏನೂ ಹೇಳದೆ, ‘ಅಪ್ಪಗ ಆರಾಮ ಅದನ?’ ಎಂದು ಮಾತ್ರ ಕೇಳಿದರು. ಆ ದಿನ ಅವರ ಮೇಲೆ ನನಗೆ ಪ್ರೀತಿ ಬಂದಿತ್ತು, ಅದನ್ನೂ ಮುಚ್ಚಿಡುವುದಿಲ್ಲ. ಒಳ್ಳೆಯದು ಮಾಡಬೇಕೆಂದರೂ ಆ ಮನುಷ್ಯನಿಗೆ ಮೋಸವೊಂದೇ ಕೈಗೆ ಸಿಗುತ್ತಿತ್ತು.

ನನ್ನ ಮದುವೆ ನಾನು ಒಪ್ಪಿದವನ ಜೊತೆಯೇ ಆಯಿತು, ಶಹಾಪುರದ ಮನೆಗೆ. ಮೂರು ತಿಂಗಳ ಹಿಂದೆ ರಜೆ ಹಾಕಿ ಅತ್ತೆಯ ಮನೆಗೆ ಹೋದಾಗ ಮಗಳಿಗೆ ಒಂಬತ್ತು ತಿಂಗಳು ತುಂಬಿತ್ತು. ‘ಕೂಸಿಗಿ ಸೂಜಿ ಹಾಕಸ್ಕೊಂಡು ಬಾ’ ಎಂದು ಅತ್ತೆ ಅಲ್ಲಿಯ ಆಸ್ಪತ್ರೆಗೆ ಕಳಿಸಿದರು. ಲಸಿಕೆ ಇಡುವ ಕೋಣೆಯಲ್ಲಿ ಫ್ರಿಜ್ಜಿನ ಮುಂದೆ ಬಗ್ಗಿ, ಥರ್ಮಾಮೀಟರು ನೋಡಿ, ಗೋಡೆಗೆ ತೂಗುಹಾಕಿದ ಪುಸ್ತಕದಲ್ಲಿ ಬರೆಯುತ್ತಿದ್ದವಳು ಸುಜಾತಾ. ಬರೆದು, ಇನ್ನೊಮ್ಮೆ ಥರ್ಮಾಮೀಟರು ನೋಡಿ, ಆಮೇಲೆ ಲಸಿಕೆ ಹೊರಗೆ ತೆಗೆದಳು. ನರ್ಸು ಮಗಳಿಗೆ ಚುಚ್ಚಿದಳು. ಲಸಿಕೆ ಸರಿಯಾಗಿ ತಣ್ಣಗಿತ್ತೋ ಇಲ್ಲವೋ ಎಂಬ ಅನುಮಾನ ನನಗೆ ಬರಲೇ ಇಲ್ಲ. ಸುಜಾತಾ ನೋಡಿ ಬರೆದಿದ್ದಳಲ್ಲ.

ಮಗಳ ಅಳು ನಿಂತ ಮೇಲೆ ನನ್ನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದಳು. ಬೈಯುತ್ತಾಳೆಂದುಕೊಂಡೆ.

‘ಖರೇ ಹೇಳವ್ವ’ ಎಂದಳು. ‘ಅವತ್ತು ಒಂದಕ್ಕ ಎಷ್ಟಿತ್ತು? ಎಂಟು ವರ್ಷ ಆತು, ನಾ ಅದನ್ನ ಕೇಳಬೇಕಂತೀನಿ. ಹತ್ತಿತ್ತೇನು? ಹನ್ನೊಂದಿತ್ತೇನು?’

ನಾನು ನೋಡಿಯೂ ಮುಚ್ಚಿಟ್ಟಿದ್ದೇನೆ ಎಂದು ಅವಳು ತಿಳಿದಿದ್ದಳು. ಅಷ್ಟರಮಟ್ಟಿಗಾದರೂ ನನಗೆ ಮರ್ಯಾದೆ ಕೊಟ್ಟಿದ್ದಳು.

‘ನೋಡಿದ್ದೇ ಇಲ್ಲ ಸುಜಾತಾ. ಮುಂಜಾನೀನ ಬರದಿಟ್ಟಿದ್ದೆ.’

‘ಅಯ್ಯ, ನೋಡೂದ ಬಿಟ್ಟಿದ್ದೇನು’ ಎಂದಳು. ಆ ದನಿಯಲ್ಲಿ ಸಿಟ್ಟಿರಲಿಲ್ಲ. ತಿಪ್ಪೆಯ ಮೇಲೆ ಕಾಲಿಟ್ಟು ಹಿಂದೆ ತೆಗೆದುಕೊಂಡವರ ದನಿ ಅದು.

ಆಮೇಲೆ ತನ್ನ ಮಾತು ಹೇಳಿದಳು. ಅಲ್ಲಿ ಗುತ್ತಿಗೆಯ ಮೇಲಿದ್ದಾಳೆ. ಇದೇ ಕೆಲಸದ ಕಾಯಂ ಹುದ್ದೆಗೆ ಅರ್ಜಿ ಹಾಕಿದ್ದಾಳೆ. ಹಿಂದಿನ ಕೆಲಸದ ಪ್ರಮಾಣಪತ್ರ ತೋರಿಸಬೇಕು. ತೋರಿಸಿದರೆ ಆ ನಿರ್ಲಕ್ಷ್ಯದ ಸಾಲು ಅವಳ ಜೊತೆ ಬರುತ್ತದೆ. ‘ನೀ ಈಗ ಅಲ್ಲಿ ದೊಡ್ಡಾಕಿ ಆಗೀದಿ. ಅವತ್ತಿಂದು ಹೆಂಗಾತು ಅಂತ ಒಂದು ಕಾಗದ ಬರದು ಕೊಡು. ಹೊಸ ಸರ್ಟಿಫಿಕೇಟ್ ಮಾಡ್ಯಾರು’ ಎಂದಳು.

‘ನೋಡ್ತೀನಿ ಸುಜಾತಾ’ ಎಂದೆ.

ನನ್ನ ಬಾಯಿಂದ ಬಂದದ್ದು ಯಾರ ಮಾತೆಂದು ನನಗೆ ಅಲ್ಲೇ ಗೊತ್ತಾಯಿತು. ಆದರೂ ಎರಡು ತಿಂಗಳು ಅದನ್ನೇ ತಿಂದುಕೊಂಡಿದ್ದೆ. ಸರ್ ನಿವೃತ್ತರಾಗಲಿ, ಆಮೇಲೆ ಬರೆಯೋಣ, ಅವರಿಗೆ ಯಾಕೆ ಈ ವಯಸ್ಸಿನಲ್ಲಿ ಎಂದು ದೊಡ್ಡ ಮನಸ್ಸಿನವಳ ಹಾಗೆ ನೆವ ಹೇಳಿಕೊಂಡೆ. ಬರೆದರೆ ಅವರಿಗೇನೂ ಆಗುತ್ತಿರಲಿಲ್ಲ. ಅವರ ದಸ್ಕತ್ತು ಎಲ್ಲಿಯೂ ಇಲ್ಲ. ಹೋಗುವುದಾದರೆ ನನ್ನ ನೌಕರಿ ಹೋಗುತ್ತಿತ್ತು.

ಬೀಳ್ಕೊಡುಗೆಯ ದಿನ ಅವರ ಹೆಂಡತಿ ಸುರಪುರದಿಂದ ಬಂದಿದ್ದರು. ಗಂಡ ಇಷ್ಟು ವರ್ಷ ದುಡಿದ ಜಾಗ ನೋಡಬೇಕೆಂದು ಟೇಬಲ್ಲಿನ ಹತ್ತಿರ ಬಂದವರು ಕುರ್ಚಿ ನೋಡಿ ಬಾಯಿಗೆ ಸೆರಗು ಹಿಡಿದರು. ‘ಇದು ಇಲ್ಲಿ ಅದನೇನ್ರಿ! ನಾ ಹೆಣೆದದ್ದು. ರೈಲಿನ್ಯಾಗ ಕಳಕೊಂಡೆ ಅಂತ ಹೇಳಿದ್ದಿರಿ ನನಗ. ಒಂದ ದಿನಾರ ಹಾಕ್ಕೊಂಡಿರೇನು?’ ಸರ್ ಹಲ್ಲು ಬಿಟ್ಟು, ‘ದಿನಾ ಇದರ ಮ್ಯಾಗೇ ನಡಿತಿತ್ತು’ ಎಂದರು. ಎಲ್ಲರೂ ನಕ್ಕರು. ಆಮೇಲೆ ಅದನ್ನು ಎತ್ತಿ, ಝಾಡಿಸಿ, ನೇರ ನನ್ನ ಕುರ್ಚಿಯ ಬೆನ್ನಿಗೆ ಹಾಕಿ, ‘ಇನ್ನ ಮ್ಯಾಗ ನಿನಗ ಇರ್ಲಿ ತಂಗಿ. ಉಪಯೋಗಕ್ಕ ಬರ್ತದ’ ಎಂದರು. ಚಪ್ಪಾಳೆ ಬಿತ್ತು. ಫೋಟೋ ತೆಗೆದರು. ಆ ಹೆಂಗಸು ಮಾತ್ರ ನಗಲಿಲ್ಲ. ಉಣ್ಣೆಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ ಬಿಟ್ಟರು.

ಅದನ್ನು ನಾನು ಅಲ್ಲಿಯೇ ಬಿಟ್ಟೆ. ಎಲ್ಲಿಡುವುದು ತಿಳಿಯಲಿಲ್ಲ ಎನ್ನುವುದು ನೆವ. ಮೊನ್ನೆ ಬುಧವಾರ ಬೆಳಿಗ್ಗೆ ಈಗಿನ ಮ್ಯಾನೇಜರು ವರಾಂಡದಲ್ಲಿ ಸಿಕ್ಕಿ, ‘ನಿನ್ನೆ ಏಳು ಗಂಟೆಗೂ ಸೀಟಿನಲ್ಲಿದ್ದಿರಲ್ಲ ಮೇಡಂ, ವೆರಿ ಗುಡ್’ ಎಂದರು. ನಾನು ಐದೂವರೆಗೆ ಮನೆಗೆ ಹೋಗಿದ್ದೆ.

‘ಹೌದ್ರಿ ಸರ್, ಜರಾ ಕೆಲಸ ಇತ್ತು’ ಎಂದೆ.

ಒಂದು ಕ್ಷಣವೂ ತಡೆಯಲಿಲ್ಲ ನಾಲಿಗೆ. ಸೀಟಿಗೆ ಬಂದು ಕೂತು ಬೆನ್ನಿಗೆ ಆ ಉಣ್ಣೆ ತಾಗಿದಾಗ ಮೈಯೆಲ್ಲ ಕಡಿದಂತಾಯಿತು. ಎಂಟು ವರ್ಷ ಆ ಮನುಷ್ಯನನ್ನು ಮನಸ್ಸಿನಲ್ಲೇ ಉಗಿದು ಉಪ್ಪು ಹಾಕುತ್ತ ಬಂದವಳು ನಾನು. ಉಗಿದದ್ದಕ್ಕೆ ಆ ಮನುಷ್ಯನಲ್ಲಿ ಏನೂ ಬದಲಾಗಿರಲಿಲ್ಲ, ನನ್ನಲ್ಲಂತೂ ಮೊದಲೇ ಇಲ್ಲ. ಅಂದು ಮಧ್ಯಾಹ್ನವೇ ಪತ್ರ ಬರೆದೆ. ಎಂಟು ವರ್ಷದ ಹಿಂದಿನ ಆ ದಿನದ ಒಂದು ಗಂಟೆಯ ತಾಪವನ್ನು ನಾನು ನೋಡದೆ ಬೆಳಿಗ್ಗೆಯೇ ಬರೆದಿದ್ದೆ. ಯಂತ್ರದ ಸದ್ದು ಹನ್ನೆರಡೂವರೆಗೇ ಬದಲಾಗಿದ್ದು ನನಗೆ ಗೊತ್ತಿತ್ತು. ಸುಜಾತಾಳ ತಪ್ಪೇನೂ ಇಲ್ಲ. ವರದಿ ಬರೆದವಳು ನಾನು. ಕೆಳಗೆ ಪೂರ್ತಿ ಹೆಸರಿನ ದಸ್ಕತ್ತು.

ಕೊಡುವ ಮೊದಲು ಒಮ್ಮೆ ಓದಿದೆ. ಮೇಲೆ ಬಲಗಡೆಯ ತಾರೀಖಿನ ಮೇಲೆ ಕಣ್ಣು ನಿಂತಿತು. ಇನ್ನೂ ಬಾರದ ಸೋಮವಾರದ ತಾರೀಖನ್ನು ಮತ್ತೆ ಮುಂಚೆಯೇ ಬರೆದಿಟ್ಟಿದ್ದೆ. ಸುಜಾತಾಳ ಅರ್ಜಿಯ ದಾಖಲೆ ಪರಿಶೀಲನೆ ಅದಕ್ಕೂ ಮೊದಲು, ಶನಿವಾರ.

ನಮ್ಮ ಕ್ವಾಲಿಟಿಯಲ್ಲಿ ತಪ್ಪಿದ್ದನ್ನು ಅಳಿಸುವಂತಿಲ್ಲ, ಹರಿದು ಹಾಕುವಂತಿಲ್ಲ. ಒಂದೇ ಗೆರೆ ಎಳೆಯಬೇಕು, ಕೆಳಗಿನದು ಕಾಣುತ್ತಿರಬೇಕು, ಪಕ್ಕದಲ್ಲಿ ಸರಿಯಾದದ್ದು ಬರೆದು ದಸ್ಕತ್ತು ಹಾಕಬೇಕು. ಹಾಗೆಯೇ ಮಾಡಿದೆ. ಸ್ವೆಟರನ್ನು ಕುರ್ಚಿಯಿಂದ ತೆಗೆದು ಡ್ರಾಯರಿಗೆ ತುರುಕಿ ಮ್ಯಾನೇಜರ ಕೋಣೆಗೆ ಹೋದೆ. ಅವರು ಎರಡು ಸಲ ಓದಿದರು.

‘ಇದರಿಂದ ನಿಮಗೆ ಏನಾಗಬಹುದು, ಗೊತ್ತಿದೆಯಾ ಮೇಡಂ?’

‘ಗೊತ್ತದ್ರಿ ಸರ್.’

‘ಇವತ್ತೇ ಕೊಡಬೇಕಾ?’

‘ಇವತ್ತೇ.’

ಹೊರಗೆ, ಬಂದ ಕಾಗದಗಳ ಆವಕ ಪುಸ್ತಕದಲ್ಲಿ ನಮೂದಿಸಿ ಹೋಗಿ ಎಂದರು. ಏನಾಗುತ್ತದೆ ಎಂದು ಇನ್ನೂ ಹೇಳಿಲ್ಲ. ಪುಸ್ತಕ ತೆರೆದು ವಿಷಯ ಬರೆದೆ, ಹೆಸರು ಬರೆದೆ. ಕೊನೆಯ ಅಂಕಣ ವೇಳೆಯದು. ಮೂರು ಗಂಟೆ ಎಂದು ಬರೆಯಲು ಹೋದ ಪೆನ್ನನ್ನು ಮೇಲೆತ್ತಿ, ಗೋಡೆಯ ಗಡಿಯಾರ ನೋಡಿದೆ. ಮೂರು ಗಂಟೆ ಹನ್ನೆರಡು ನಿಮಿಷವಾಗಿತ್ತು. ಹಾಗೆಯೇ ಬರೆದೆ.